ಚುಕ್ಕೆ ಮಾಯವಾದರೆ ರೋಗ ಹೋಯಿತೆ?

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟ ಬಹಳ ಮಂದಿಗೆ ಈ ಅನುಭವ ಆಗಿರುತ್ತದೆ. ಮಗುವಿನ ಹುಟ್ಟುಹಬ್ಬಕ್ಕೆಂದು ಹೊಸ ಮೀನೊಂದನ್ನು ತಂದು ಅದೇ ಸಂಜೆ ತೊಟ್ಟಿಗೆ ಬಿಡುತ್ತಾರೆ. ವಾರ ತುಂಬುವುದರೊಳಗೆ ಅದರ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ನಾಲ್ಕಾರು ಬಿಳಿ ಚುಕ್ಕೆಗಳು ಕಾಣುತ್ತವೆ. ಮೀನು ಕಲ್ಲಿಗೆ ಮೈ ಉಜ್ಜತೊಡಗುತ್ತದೆ. ಅಂಗಡಿಯಿಂದ ಯಾವುದೋ ಔಷಧಿ ತಂದು ನಾಲ್ಕು ಹನಿ ಹಾಕಿದ್ದಾಗುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಚುಕ್ಕೆಗಳು ಮಾಯ! ಮನೆಮಂದಿಗೆಲ್ಲ ಸಮಾಧಾನ. ಉಳಿದ ಔಷಧಿ ಕಪಾಟು ಸೇರುತ್ತದೆ.

ಹತ್ತು ದಿನ ಬಿಟ್ಟು ಒಂದು ಬೆಳಿಗ್ಗೆ ನೋಡಿದರೆ, ತೊಟ್ಟಿಯಲ್ಲಿರುವ ಎಲ್ಲ ಮೀನುಗಳ ಮೈಮೇಲೂ ಚುಕ್ಕೆಗಳು. ಈ ಸಲ ಒಂದೆರಡಲ್ಲ, ನೂರಾರು. ಮೀನುಗಳು ನೀರಿನ ಮೇಲ್ಭಾಗದಲ್ಲಿ ಏದುಸಿರು ಬಿಡುತ್ತಿವೆ. ಎರಡು ಆಗಲೇ ತಳದಲ್ಲಿ ಸತ್ತು ಬಿದ್ದಿವೆ. ಮಗು ಅಳುತ್ತದೆ. ‘ವಾಸಿಯಾಗಿತ್ತಲ್ಲ!’ ಎಂದು ದೊಡ್ಡವರು ಮುಖ ಮುಖ ನೋಡಿಕೊಳ್ಳುತ್ತಾರೆ.

ವಾಸಿಯಾಗಿರಲೇ ಇಲ್ಲ. ಚುಕ್ಕೆ ಮಾಯವಾದ ದಿನ ರೋಗ ಮೀನಿನ ಮೈಬಿಟ್ಟು ಮರಳಿಗೆ ಇಳಿದಿತ್ತು, ಅಷ್ಟೆ.

ಈ ರೋಗಕ್ಕೆ ಕಾರಣವಾದ ಪರೋಪಜೀವಿಯ ಹೆಸರು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್. ಗ್ರೀಕ್ ಭಾಷೆಯಲ್ಲಿ ‘ಕ್ರಿಪ್ಟೋಸ್’ ಎಂದರೆ ಅಡಗಿದ್ದು, ‘ಕ್ಯಾರಿಯಾನ್’ ಎಂದರೆ ತಿರುಳು. ಕೋಶಕೇಂದ್ರ ಸುಲಭವಾಗಿ ಕಾಣದ ಜೀವಿ ಎಂಬ ಅರ್ಥದ ಹೆಸರು. ಇದು ಪಠ್ಯಪುಸ್ತಕದ ಪ್ಯಾರಮೀಸಿಯಂನಂತೆ ಒಂದೇ ಕೋಶದ ಜೀವಿ. ಮೈಮೇಲೆಲ್ಲ ಸೂಕ್ಷ್ಮ ರೋಮಗಳು. ಜಪಾನಿನ ಸಿಕಾಮ ಈ ರೋಗವನ್ನು 1937ರಲ್ಲೇ ವರದಿ ಮಾಡಿದ್ದರು. 1951ರಲ್ಲಿ ಬ್ರಿಟನ್ನಿನ ಬ್ರೌನ್ ಇದಕ್ಕೆ ಈಗಿನ ಹೆಸರು ಕೊಟ್ಟರು. ನ್ಯೂಯಾರ್ಕಿನ ಹೆಸರಾಂತ ಅಕ್ವೇರಿಯಂನಲ್ಲೂ ಈ ರೋಗ ಹಬ್ಬಿದ್ದನ್ನು ನಿಗ್ರೆಲ್ಲಿ ಮತ್ತು ರುಜ್ಜಿಯೇರಿ ಎಂಬ ವಿಜ್ಞಾನಿಗಳು 1966ರಲ್ಲಿ ದಾಖಲಿಸಿದ್ದಾರೆ. ತಜ್ಞರ ತಂಡವೇ ಇದ್ದ ಕಡೆಯೂ ನುಗ್ಗಿದ ರೋಗ ಇದು. ಮನೆಯ ತೊಟ್ಟಿಗೆ ಬಂದರೆ ಯಾರೂ ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ. ಆದರೆ ಅದರ ಬದುಕಿನ ಲೆಕ್ಕವನ್ನು ಅರಿತುಕೊಳ್ಳಲೇಬೇಕು.

ಆ ಲೆಕ್ಕದಲ್ಲಿ ನಾಲ್ಕು ಹಂತಗಳಿವೆ. ಮೊದಲನೆಯದು, ಮೀನಿನ ಚರ್ಮ ಮತ್ತು ಕಿವಿರುಗಳ ಒಳಪದರದಲ್ಲಿ ಕುಳಿತು ತಿನ್ನುವ ಹಂತ. ನಮಗೆ ಕಾಣುವ ಬಿಳಿ ಚುಕ್ಕೆ ಇದೇ. ಇದು 3ರಿಂದ 7 ದಿನ ನಡೆಯುತ್ತದೆ. ಹೊಟ್ಟೆ ತುಂಬಿದ ಮೇಲೆ ಜೀವಿ ಮೀನನ್ನು ಬಿಟ್ಟು ಕೆಳಗಿಳಿಯುತ್ತದೆ. ಇದು ಎರಡನೆಯ ಹಂತ. ಕೆಲವು ಗಂಟೆ ತಳದಲ್ಲಿ ತೆವಳಿ, ಮರಳಿಗೋ ಕಲ್ಲಿಗೋ ಅಂಟಿಕೊಂಡು ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಮೂರನೆಯ ಹಂತದಲ್ಲಿ ಕವಚದೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಹೋಗುತ್ತದೆ. ಕವಚವೊಂದರಲ್ಲಿ ಸುಮಾರು 200 ಮರಿಗಳವರೆಗೆ ಆಗಬಲ್ಲವು. ಇದಕ್ಕೆ ಕನಿಷ್ಠ 3 ದಿನ ಸಾಕು. ಕೆಲವೊಮ್ಮೆ 72 ದಿನಗಳಷ್ಟು ಹಿಡಿದದ್ದೂ ಉಂಟು. ನಾಲ್ಕನೆಯ ಹಂತದಲ್ಲಿ ಮರಿಗಳು ಹೊರಬಂದು ಈಜುತ್ತ ಮೀನನ್ನು ಹುಡುಕುತ್ತವೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಸ್ವಾರಸ್ಯವೆಂದರೆ, ಅವು ಹೊರಬರುವುದು ಹೆಚ್ಚಾಗಿ ಕತ್ತಲಿನಲ್ಲಿ. ಮೀನುಗಳು ತಳದ ಬಳಿ ವಿಶ್ರಮಿಸುವ ಹೊತ್ತು ಅದು!

ಹತ್ತು ಚುಕ್ಕೆಗಳಿದ್ದ ಮೀನಿನಿಂದ ಮುಂದಿನ ಸುತ್ತಿಗೆ ಎಷ್ಟು ಮರಿಗಳು ಹುಟ್ಟಬಹುದು? ವಿದ್ಯಾರ್ಥಿಗಳು ಬಾಯಲ್ಲೇ ಹೇಳಿಯಾರು: 2000. ಸಮುದ್ರದಲ್ಲಾದರೆ ಇವುಗಳಲ್ಲಿ ಬಹುಪಾಲು ಮೀನು ಸಿಗದೆ ನಾಶವಾಗುತ್ತವೆ. ನೀರು ಅಪಾರ, ಮೀನು ದೂರ. ನೂರು ಲೀಟರಿನ ಗಾಜಿನ ತೊಟ್ಟಿಯಲ್ಲಿ ಮೀನು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಕಡಲಿನಲ್ಲಿ ಸಣ್ಣ ಕಿರುಕುಳವಾಗಿದ್ದದ್ದು ತೊಟ್ಟಿಯಲ್ಲಿ ಸಾಂಕ್ರಾಮಿಕವಾಗುವುದು ಹೀಗೆ. ಬೆಚ್ಚನೆಯ ಸಮುದ್ರಗಳಲ್ಲಿ ಬಲೆಯ ಪಂಜರ ಕಟ್ಟಿ ಒತ್ತೊತ್ತಾಗಿ ಮೀನು ಸಾಕುವವರಿಗೂ ಇದೇ ಕಾರಣಕ್ಕೆ ಈ ರೋಗದ ಭಯ.

ಚಿಕಿತ್ಸೆಯ ಗುಟ್ಟೂ ಈ ನಾಲ್ಕು ಹಂತಗಳಲ್ಲೇ ಇದೆ. ತಾಮ್ರದ ಲವಣ ಹಳೆಯ, ನಂಬಿಕೆಯ ಔಷಧಿ. ಆದರೆ ಮೀನಿನ ಚರ್ಮದೊಳಗಿರುವ ಜೀವಿಗೂ ಕವಚದೊಳಗಿರುವ ಜೀವಿಗೂ ಅದು ತಾಗುವುದಿಲ್ಲ. ಸಾಯುವುದು ನೀರಿನಲ್ಲಿ ಈಜುವ ಮರಿ ಮಾತ್ರ. ಆದ್ದರಿಂದ ಎರಡು ದಿನ ಹಾಕಿ ನಿಲ್ಲಿಸಿದ ಔಷಧಿ ವ್ಯರ್ಥ. ವಾರಗಟ್ಟಲೆ ಒಂದೇ ಪ್ರಮಾಣದಲ್ಲಿ ಉಳಿಸಿಕೊಳ್ಳಬೇಕು. ಆ ಪ್ರಮಾಣವೂ ಬಹು ಸೂಕ್ಷ್ಮ: ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ. ಅಂದರೆ ನೂರು ಲೀಟರಿಗೆ ಹೆಚ್ಚೆಂದರೆ ಒಂದು ಗ್ರಾಮಿನ ಐವತ್ತನೇ ಒಂದು ಭಾಗ! ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ಮೀನು ಉಳಿಯುವುದಿಲ್ಲ. ಪರೀಕ್ಷೆಯ ಕಿಟ್ ಇಲ್ಲದೆ ಕಣ್ಣಂದಾಜಿನಲ್ಲಿ ತಾಮ್ರ ಹಾಕುವುದು ಸಲ್ಲದು. ಹವಳ, ಸಿಗಡಿ, ಶಂಖದ ಹುಳುಗಳಿಗಂತೂ ತಾಮ್ರ ವಿಷವೇ. ತೊಟ್ಟಿಯ ಸುಣ್ಣಕಲ್ಲು ಮತ್ತು ಮರಳು ಕೂಡ ಅದನ್ನು ಹೀರಿಕೊಳ್ಳುತ್ತವೆ. ಹೀಗಾಗಿ ಮೀನುಗಳನ್ನು ಮರಳು, ಕಲ್ಲುಗಳಿಲ್ಲದ ಬೇರೆ ತೊಟ್ಟಿಗೆ ಸಾಗಿಸಿಯೇ ಚಿಕಿತ್ಸೆ ಮಾಡಬೇಕು. ಬರಿದಾದ ಆ ತೊಟ್ಟಿಯಲ್ಲಿ ಅಮೋನಿಯ ಬೇಗ ಏರುವುದರಿಂದ ಆಗಾಗ ನೀರು ಬದಲಿಸುವುದೂ ಅಗತ್ಯ.

ಔಷಧಿಯೇ ಬೇಡದ ಉಪಾಯ ಇನ್ನೊಂದಿದೆ. ಇಸ್ರೇಲಿನ ವಿಜ್ಞಾನಿ ಕೊಲೊರ್ನಿ 1987ರಲ್ಲಿ ವಿವರಿಸಿದ್ದು ಇದನ್ನೇ. ಮೂರು ದಿನಕ್ಕೊಮ್ಮೆ, ನಾಲ್ಕು ಬಾರಿ, ಮೀನುಗಳನ್ನು ಹೊಸ ನೀರು ತುಂಬಿದ ಸ್ವಚ್ಛ ತೊಟ್ಟಿಗೆ ಬದಲಿಸುವುದು. ಮೈಯಿಂದ ಉದುರಿದ ಜೀವಿ ಮರಿ ಮಾಡುವ ಮೊದಲೇ ಮೀನು ಅಲ್ಲಿಂದ ಹೊರಟಿರುತ್ತದೆ. ಬಿಟ್ಟುಬಂದ ತೊಟ್ಟಿಯನ್ನು ತೊಳೆದು ಪೂರ್ತಿ ಒಣಗಿಸಿದರೆ ಕವಚದೊಳಗಿನದೂ ಸಾಯುತ್ತದೆ. ಎರಡು ತೊಟ್ಟಿಗಳನ್ನು ಸರದಿಯಂತೆ ಬಳಸಿದರೂ ಆಯಿತು. ಶತ್ರುವಿನ ವೇಳಾಪಟ್ಟಿ ತಿಳಿದವನಿಗೆ ಆಯುಧ ಬೇಡ!

ಇತ್ತ ದೊಡ್ಡ ತೊಟ್ಟಿ ಮೀನಿಲ್ಲದೆ ಖಾಲಿ ಇರಬೇಕು. ಎಷ್ಟು ದಿನ? 72 ದಿನದ ಲೆಕ್ಕವನ್ನು ಮರೆಯದವರು 76 ದಿನ ಕಾಯುತ್ತಾರೆ. ಹವಳ, ಸಿಗಡಿಗಳು ಅಲ್ಲೇ ಇರಬಹುದು. ಅವುಗಳ ಮೈಗೆ ಈ ರೋಗ ಹತ್ತುವುದಿಲ್ಲ. ಮನುಷ್ಯರಿಗೂ ಹತ್ತುವುದಿಲ್ಲ.

ಒಂದು ಎಚ್ಚರಿಕೆ. ಚುಕ್ಕೆಗಳು ಉಪ್ಪಿನಂತಿರದೆ ಚಿನ್ನದ ನುಣ್ಣನೆಯ ಧೂಳು ಚಿಮುಕಿಸಿದಂತಿದ್ದರೆ ಅದು ಬೇರೆ ರೋಗ. ಅದರ ಜೀವಿಯನ್ನು ಲಂಡನ್ ಮೃಗಾಲಯದ ಅಕ್ವೇರಿಯಂನಲ್ಲಿ ಗುರುತಿಸಿ 1931ರಲ್ಲಿ ವಿವರಿಸಿದವರೂ ಅದೇ ಬ್ರೌನ್. ಅದು ಒಂದೇ ದಿನದಲ್ಲಿ ಮೀನುಗಳನ್ನು ಕೊಲ್ಲಬಲ್ಲದು. ತೊಟ್ಟಿ ಬದಲಿಸುವ ಉಪಾಯ ಅದಕ್ಕೆ ಸಾಲದು. ಕೂಡಲೇ ತಿಳಿದವರನ್ನು ಕೇಳಬೇಕು.

ಇಷ್ಟೆಲ್ಲ ಪಾಡು ಪಡುವ ಬದಲು ರೋಗ ಒಳಬರದಂತೆ ತಡೆಯಲಾಗದೆ? ಆಗುತ್ತದೆ. ‘ಕ್ವಾರಂಟೈನ್’ ಎಂಬ ಪದ 2020ರಲ್ಲಿ ಕೊರೊನಾ ಬಂದಾಗ ನಮ್ಮ ಮನೆಮನೆಯ ಮಾತಾಯಿತು. ಅದರ ಮೂಲ, ನಲವತ್ತು ಎಂಬರ್ಥದ ಇಟಲಿಯ ಶಬ್ದ. ಪ್ಲೇಗಿನ ಕಾಲದಲ್ಲಿ, 1377ರಲ್ಲಿ, ಈಗ ಡುಬ್ರೊವ್ನಿಕ್ ಎನ್ನುವ ರಗೂಸ ಪಟ್ಟಣದವರು ರೋಗವಿದ್ದ ಊರುಗಳಿಂದ ಬಂದವರನ್ನು 30 ದಿನ ಹೊರಗೇ ನಿಲ್ಲಿಸಿದರು. ಮುಂದೆ ಅದು 40 ದಿನವಾಯಿತು. ಮೀನಿಗೂ ಇದೇ ನಿಯಮ. ಹೊಸ ಮೀನು ಎಷ್ಟೇ ಚೆಲುವಾಗಿರಲಿ, ಕನಿಷ್ಠ 30 ದಿನ ಬೇರೆ ತೊಟ್ಟಿಯಲ್ಲಿರಬೇಕು. ಮೈಮೇಲೆ ಚುಕ್ಕೆಯಿಲ್ಲ ಎಂದರೆ ರೋಗವಿಲ್ಲ ಎಂದಲ್ಲ. ಒಮ್ಮೆ ರೋಗ ಬಂದು ಉಳಿದ ಮೀನಿಗೆ ಕೆಲವು ತಿಂಗಳು ತಕ್ಕಮಟ್ಟಿನ ನಿರೋಧ ಶಕ್ತಿ ಇರುತ್ತದೆ; ಅಂಥ ಮೀನು ಚುಕ್ಕೆ ತೋರಿಸದೆಯೇ ಜೀವಿಯನ್ನು ಹೊತ್ತು ತರಬಹುದು. ಅಂದಹಾಗೆ, ಬಲೆ, ಬಕೆಟ್ಟುಗಳೂ ಬೇರೆಯೇ ಇರಬೇಕು. ಒಂದು ಹಸಿ ಬಲೆ ಸಾಕು, ಮೂವತ್ತು ದಿನದ ತಪಸ್ಸು ನೀರುಪಾಲಾಗಲು.

ಹುಟ್ಟುಹಬ್ಬದ ದಿನ ಮಗುವಿಗೆ ‘ಇನ್ನೂ ಒಂದು ತಿಂಗಳು ತಾಳು’ ಎನ್ನುವುದು ತಂದೆತಾಯಿಗೆ ಸುಲಭವಲ್ಲ. ಮೀನಿನ ಜೊತೆ ಒಂದು ನೋಟು ಪುಸ್ತಕವನ್ನೂ ಕೊಡಿಸಿದರೆ ಆ ತಿಂಗಳು ಬೇಗ ಕಳೆಯುತ್ತದೆ. ಇಂದು ಮೀನು ತಿಂದಿತೆ, ಉಸಿರಾಟ ಹೇಗಿದೆ, ಚುಕ್ಕೆ ಎಷ್ಟು, ನೀರಿನ ಉಷ್ಣತೆ ಎಷ್ಟು ಎಂದು ದಿನವೂ ಬರೆಯಲಿ. ಮೂವತ್ತನೆಯ ದಿನ ಮೀನನ್ನು ದೊಡ್ಡ ತೊಟ್ಟಿಗೆ ಬಿಡುವಾಗ ಆ ಮಗು ಜೀವಶಾಸ್ತ್ರದ ಒಂದು ಪಾಠವನ್ನು ಕಲಿತಿರುತ್ತದೆ: ಕಣ್ಣಿಗೆ ಕಾಣದ್ದನ್ನು ಇಲ್ಲವೆಂದು ತಿಳಿಯಬಾರದು.