ಒಂದು ಸಹಿ ಹಾಕೋಕೆ ನಮಗ್ಯಾಕೆ ಅಷ್ಟು ಭಯ?

2021ರ ಮೇ ತಿಂಗಳು. ಕೊರೊನಾ ಎರಡನೇ ಅಲೆಯ ಲಾಕ್‌ಡೌನ್. ನಮ್ಮ ಮನೆ ಗೇಟಿನ ಆಚೆ ಮಾಸ್ಕ್ ಹಾಕಿಕೊಂಡು ನಮ್ಮ ಮನೆಗೆಲಸದಾಕೆ ನಿಂತಿದ್ದಳು. ಕೈಯಲ್ಲಿ ಮಡಿಸಿದ ಒಂದು ಹಾಳೆ. “ಅಕ್ಕಾ, ಇದಕ್ಕೊಂದು ಸೈನ್ ಹಾಕ್ಕೊಡಿ. ಸರ್ಕಾರದೋರು ಎರಡು ಸಾವಿರ ಕೊಡ್ತಾರಂತೆ. ನಾನು ನಿಮ್ಮನೇಲಿ ಕೆಲಸ ಮಾಡ್ತೀನಿ ಅಂತ ನೀವು ಬರ್ಕೊಡಬೇಕಂತೆ” ಅಂದಳು.

ನಾನು ತಕ್ಷಣ ಹಾಕಿಕೊಡಲಿಲ್ಲ. “ಯಜಮಾನ್ರನ್ನ ಕೇಳಿ ಹೇಳ್ತೀನಿ, ನಾಳೆ ಬಾ” ಅಂದುಬಿಟ್ಟೆ. ಎಂಟು ವರ್ಷದಿಂದ ನಮ್ಮ ಮನೆಯಲ್ಲಿ ಪಾತ್ರೆ ತೊಳೆದು, ನೆಲ ಒರೆಸಿದವಳು. ಊರಿಗೆ ಹೋಗುವಾಗ ಮನೆ ಬೀಗದ ಕೈಯನ್ನೇ ಅವಳ ಕೈಗೆ ಕೊಟ್ಟು ಹೋಗುತ್ತಿದ್ದೆ. ಬೀಗದ ಕೈ ಕೊಡಲು ಇದ್ದ ನಂಬಿಕೆ ಒಂದು ಸಹಿ ಹಾಕಲು ಇರಲಿಲ್ಲ! “ಯಾಕೆ ಸುಮ್ನೆ ಇಲ್ಲದ ತಲೆನೋವು? ನಾಳೆ ಏನಾದ್ರೂ ಆದ್ರೆ ನಮ್ಮ ತಲೆಗೇ ಬರುತ್ತೆ” ಅಂದರು ಮನೆಯವರು. ಪಕ್ಕದ ಮನೆಯವರೂ ಹಾಗೇ ಅಂದರು. ಮೂರನೇ ದಿನ ಮನಸ್ಸು ತಡೆಯದೆ ಸಹಿ ಹಾಕಿಕೊಟ್ಟೆ. ಅಷ್ಟರಲ್ಲಿ ಆಕೆ ಅದಕ್ಕೂ ಇದಕ್ಕೂ ಅಂತ ಅಲೆದು ಸುಸ್ತಾಗಿದ್ದಳು. ಕೊನೆಗೂ ದುಡ್ಡು ಬರಲಿಲ್ಲ. “ಬಿಡಿ ಅಕ್ಕಾ, ನಮ್ಮ ಹಣೇಲಿ ಬರ್ದಿಲ್ಲ” ಅಂದಳು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆ “ಬಿಡಿ ಅಕ್ಕಾ” ಇವತ್ತಿಗೂ ನನ್ನ ಕಿವಿಯಲ್ಲಿದೆ.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣವಿದೆ. ಮೊನ್ನೆ ನಮ್ಮ ಬಡಾವಣೆಯ ಸಂಘದ ಹಾಲ್‌ನಲ್ಲಿ ಕಾರ್ಮಿಕ ಇಲಾಖೆಯವರು ಮನೆಗೆಲಸದವರಿಗಾಗಿ ನೋಂದಣಿ ಶಿಬಿರ ಇಟ್ಟಿದ್ದರು. ಬೆಳಿಗ್ಗೆ ಹತ್ತರಿಂದ ಒಂದು ಗಂಟೆವರೆಗೆ. ಟೇಬಲ್ ಹಾಕಿ, ಬ್ಯಾನರ್ ಕಟ್ಟಿ, ಕಂಪ್ಯೂಟರ್ ಇಟ್ಟುಕೊಂಡು ಸಿಬ್ಬಂದಿ ಕಾದಿದ್ದೇ ಕಾದಿದ್ದು. ಬಂದವರು ಹನ್ನೊಂದು ಜನ! ಉಳಿದವರೆಲ್ಲ ಎಲ್ಲಿದ್ದರು ಗೊತ್ತಾ? ನಮ್ಮ ನಿಮ್ಮ ಮನೆಗಳಲ್ಲೇ, ತಿಂಡಿ ಪಾತ್ರೆ ತೊಳೆಯುತ್ತಾ ಇದ್ದರು. ಬಂದಿದ್ದ ಕಾರ್ಮಿಕ ನಿರೀಕ್ಷಕಿ ಹೊರಡುವಾಗ ನಗುತ್ತಲೇ ಹೇಳಿದರು: “ನೀವು ಅವರನ್ನ ಒಂದು ಗಂಟೆ ಬಿಟ್ಟು ಕಳಿಸಿದ್ರೆ ಸಾಕಿತ್ತು ಮೇಡಂ.” ನನಗೆ ತಲೆ ತಗ್ಗಿಸುವಂತಾಯಿತು.

ಇಲಾಖೆ ನಿಲ್ಲೋದು ನಮ್ಮ ಹೊಸ್ತಿಲಲ್ಲಿ

ಕಾರ್ಮಿಕ ಇಲಾಖೆ ಅಂದರೆ ಕಾರ್ಖಾನೆ, ಯೂನಿಯನ್, ಸ್ಟ್ರೈಕು... ನಮಗೂ ಅದಕ್ಕೂ ಏನು ಸಂಬಂಧ ಅಂತ ನಾವಂದುಕೊಳ್ಳುತ್ತೇವೆ. ಸಂಬಂಧ ಇದೆ. ತಿಂಗಳಿಗೆ ಸಂಬಳ ಕೊಟ್ಟು ಒಬ್ಬರಿಂದ ಕೆಲಸ ಮಾಡಿಸಿಕೊಳ್ಳುವವರು ಯಾರು? ಮಾಲೀಕರು ತಾನೇ? ಹಾಗಾದರೆ ನಾವೂ ಮಾಲೀಕರೇ. ಕಾರ್ಖಾನೆಗೆ, ಅಂಗಡಿಗೆ ಹೋಗಿ ಹಾಜರಿ ಪುಸ್ತಕ, ಸಂಬಳದ ಪುಸ್ತಕ ತೆಗೆಸಿ ನೋಡುವ ನಿರೀಕ್ಷಕರು ನಮ್ಮ ಅಡುಗೆಮನೆಗೆ ಬಂದು “ಎಷ್ಟು ಕೊಡ್ತೀರಿ, ರಜೆ ಕೊಡ್ತೀರಾ?” ಅಂತ ಕೇಳುವುದಿಲ್ಲ. ಮನೆ ಅನ್ನೋದು ಮನೆಯೇ. ಹಾಗಾಗಿ ಎಷ್ಟು ಒಳ್ಳೆಯ ಯೋಜನೆ ಬಂದರೂ ಅದು ನಮ್ಮ ಹೊಸ್ತಿಲ ತನಕ ಬಂದು ನಿಂತುಬಿಡುತ್ತದೆ. ಒಳಗೆ ಕರೆಯಬೇಕಾದವರು ನಾವೇ.

ಹಾಗಂತ ಇವರಿಗಾಗಿ ಏನೂ ಆಗಿಲ್ಲ ಅಂತಲ್ಲ. ನಮ್ಮ ಕರ್ನಾಟಕ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿತ್ತು. ಅಸಂಘಟಿತ ಕಾರ್ಮಿಕರಿಗೆ ಸಾಮಾಜಿಕ ಭದ್ರತೆ ಕೊಡಲು 2008ರಲ್ಲಿ ಕೇಂದ್ರ ಕಾಯ್ದೆ ಮಾಡಿತು. ಅದರಂತೆ ರಾಜ್ಯದಲ್ಲೂ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿ ಬಂತು. ಈ ಮಂಡಳಿಯ ‘ಅಂಬೇಡ್ಕರ್ ಸಹಾಯ ಹಸ್ತ’ ಯೋಜನೆಯಲ್ಲಿ ಹಮಾಲರು, ಟೈಲರ್‌ಗಳು, ಮೆಕ್ಯಾನಿಕ್‌ಗಳು, ಅಗಸರು, ಕ್ಷೌರಿಕರು, ಚಿಂದಿ ಆಯುವವರ ಜೊತೆಗೆ ಮನೆಗೆಲಸದವರೂ ಇದ್ದಾರೆ. 2021ರ ಆಗಸ್ಟ್‌ನಲ್ಲಿ ಕೇಂದ್ರದ ಕಾರ್ಮಿಕ ಸಚಿವಾಲಯ ಇ-ಶ್ರಮ್ ಅನ್ನುವ ನೋಂದಣಿ ಶುರು ಮಾಡಿತು. 2024ರ ಕೊನೆಯ ಹೊತ್ತಿಗೆ ಅದರಲ್ಲಿ ಹೆಸರು ಬರೆಸಿದವರು 30 ಕೋಟಿ ದಾಟಿದ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು.

ಆದರೆ ಒಂದು ವ್ಯತ್ಯಾಸ ನೋಡಿ. ಕಟ್ಟಡ ಕಾರ್ಮಿಕರಿಗೆ ಅವರದ್ದೇ ಮಂಡಳಿ ಇದೆ. ಕಟ್ಟಡದ ವೆಚ್ಚದಲ್ಲಿ ಶೇ. 1ರಷ್ಟು ಸೆಸ್ ಅದಕ್ಕೆ ಬರುತ್ತದೆ. ನಮ್ಮ ಮನೆ ಬಾಗಿಲಿಗೆ ತರಕಾರಿ, ಊಟದ ಪೊಟ್ಟಣ ತಂದುಕೊಡುವ ಗಿಗ್ ಕಾರ್ಮಿಕರಿಗೆ 2025ರಲ್ಲಿ ಕರ್ನಾಟಕ ಪ್ರತ್ಯೇಕ ಕಾಯ್ದೆ ಮಾಡಿ, ಕಂಪನಿಗಳಿಂದ ಕಲ್ಯಾಣ ಶುಲ್ಕ ವಸೂಲಿ ಮಾಡುವ ದಾರಿ ಹಾಕಿತು. ಬಾಗಿಲ ತನಕ ಬರುವವನಿಗೆ ಕಾಯ್ದೆ ಬಂತು, ಬಾಗಿಲೊಳಗೆ ಬಂದು ದುಡಿಯುವವಳು ಕಾಯುತ್ತಲೇ ಇದ್ದಳು. ಕಾರಣ ಸ್ಪಷ್ಟ. ಅಲ್ಲಿ ಮಾಲೀಕರು ಅಂದರೆ ಕಂಪನಿಗಳು, ಹಿಡಿದು ಕೇಳಬಹುದು. ಇಲ್ಲಿ ಮಾಲೀಕರು ಅಂದರೆ ಲಕ್ಷಾಂತರ ಮನೆಗಳು. ಯಾರನ್ನು ಅಂತ ಕೇಳುವುದು?

“ನಮ್ಗೂ ಟ್ಯಾಕ್ಸಾ?”

2025ರಲ್ಲಿ ಮನೆಗೆಲಸದವರ ಸಾಮಾಜಿಕ ಭದ್ರತೆಗಾಗಿ ಕಾರ್ಮಿಕ ಇಲಾಖೆ ಒಂದು ಕರಡು ಮಸೂದೆ ಸಿದ್ಧಪಡಿಸಿತು. ಅದರಲ್ಲಿ ಸಂಬಳದ ಮೇಲೆ ಶೇ. 5ರವರೆಗೆ ಕಲ್ಯಾಣ ಶುಲ್ಕವನ್ನು ಕೆಲಸ ಕೊಟ್ಟವರಿಂದ ತೆಗೆದುಕೊಳ್ಳುವ ಪ್ರಸ್ತಾಪ ಇತ್ತು. ಆ ಸುದ್ದಿ ಬಂದ ದಿನ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಂಕಿಯೇ ಬಿತ್ತು. “ನಮ್ಗೂ ಟ್ಯಾಕ್ಸಾ?”, “ಇನ್ನು ಕೆಲಸದವರನ್ನ ಇಟ್ಕೊಳ್ಳೋದೇ ಬೇಡ”, “ವಾಷಿಂಗ್ ಮೆಷಿನ್ ಹೇಗಿದ್ರೂ ಇದೆ, ಪಾತ್ರೆಗೂ ಒಂದು ಮೆಷಿನ್ ತಗೊಂಡ್ರಾಯ್ತು”.

ಸ್ವಲ್ಪ ಲೆಕ್ಕ ಹಾಕೋಣ. ನಾವು ತಿಂಗಳಿಗೆ ನಾಲ್ಕು ಸಾವಿರ ಕೊಡುತ್ತೇವೆ ಅಂದುಕೊಳ್ಳಿ. ಶೇ. 5 ಅಂದರೆ 200 ರೂಪಾಯಿ. ಭಾನುವಾರ ಎಲ್ಲರೂ ಹೋಟೆಲಿಗೆ ಹೋಗಿ ದೋಸೆ, ಕಾಫಿ ಮುಗಿಸಿದರೆ ಇದಕ್ಕಿಂತ ಹೆಚ್ಚೇ ಬಿಲ್ಲಾಗುತ್ತದೆ. ಒಂದೇ ಸಂಬಳದಲ್ಲಿ ಸಂಸಾರ ತೂಗಿಸುವ ಮನೆಗೆ 200 ರೂಪಾಯಿಯೂ ಭಾರವೇ, ಅದನ್ನು ಒಪ್ಪುತ್ತೇನೆ. ವಯಸ್ಸಾದವರು, ಪಿಂಚಣಿಯಲ್ಲೇ ಬದುಕುವವರು ಇದ್ದಾರೆ. ಅಂಥವರ ಕಷ್ಟವನ್ನು ಸರ್ಕಾರಕ್ಕೆ ಹೇಳೋಣ, ಶುಲ್ಕ ಎಷ್ಟಿರಬೇಕು ಅಂತ ಚರ್ಚೆಯೂ ಮಾಡೋಣ. ಆದರೆ “ನಮಗೆ ಸಂಬಂಧವೇ ಇಲ್ಲ” ಅನ್ನೋ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಯಾಕೆಂದರೆ ನಾವು ಕೊಡದವರಲ್ಲ. ಗೌರಿ ಹಬ್ಬಕ್ಕೆ ಸೀರೆ ಕೊಡುತ್ತೇವೆ. ದೀಪಾವಳಿಗೆ ಸಿಹಿ, ಜೊತೆಗೆ ನೂರೋ ಇನ್ನೂರೋ. ಮಕ್ಕಳ ಸ್ಕೂಲ್ ಫೀಸಿಗೆ ಮುಂಗಡ. ಉಳಿದ ಅನ್ನ, ಸಾರು, ಹಳೇ ಬಟ್ಟೆ. ಕೊಡುವಾಗ ನಮ್ಮ ಕೈ ದೊಡ್ಡದೇ. ಬರೆದುಕೊಡುವಾಗ ಮಾತ್ರ ಅದೇ ಕೈ ಹಿಂದೆ ಸರಿಯುತ್ತದೆ. ಸೀರೆ ಕೊಟ್ಟರೆ ನಾವು ಒಳ್ಳೆಯವರು ಅನ್ನಿಸಿಕೊಳ್ಳುತ್ತೇವೆ. ಬರೆದುಕೊಟ್ಟರೆ ಆಕೆಗೆ ಹಕ್ಕು ಬರುತ್ತದೆ. ನಮಗೆ ಇರುಸುಮುರುಸು ಆಗೋದು ಬಹುಶಃ ಅಲ್ಲೇ.

ಇನ್ನು ಭಯದ ಮಾತು. “ನೋಂದಣಿ ಮಾಡಿಸಿದ್ರೆ ನಮ್ಮ ಮೇಲೆ ಕೇಸ್ ಹಾಕ್ತಾರೆ” ಅನ್ನುವವರಿದ್ದಾರೆ. ಇ-ಶ್ರಮ್ ನೋಂದಣಿಗೆ ನಮ್ಮ ಸಹಿಯೇ ಬೇಡ. ಆಕೆ ತಾನು ಮಾಡುವ ಕೆಲಸ ಏನು ಅಂತ ತಾನೇ ಹೇಳಿದರೆ ಸಾಕು. ನಾವು ಕೊಡಬೇಕಾದ್ದು ಒಂದು ಗಂಟೆ ಬಿಡುವು, ಮತ್ತು ಹೀಗೊಂದು ಇದೆ ಅನ್ನುವ ಮಾಹಿತಿ.

ಮಾಹಿತಿ ಕೊಡದೇ ಇದ್ದರೆ ಏನಾಗುತ್ತೆ ಅನ್ನುವುದಕ್ಕೂ ನನ್ನ ಮನೆಯದೇ ಉದಾಹರಣೆ. 2019ರ ಫೆಬ್ರವರಿಯಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರದ ‘ಶ್ರಮ ಯೋಗಿ ಮಾನ್‌ಧನ್’ ಪಿಂಚಣಿ ಯೋಜನೆ ಬಂತು. ಸೇರುವಾಗಿನ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಬೇಕು. ಅಷ್ಟೇ ಹಣ ಸರ್ಕಾರವೂ ಹಾಕುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ. ಆದರೆ ಸೇರಲು ವಯಸ್ಸು 18ರಿಂದ 40ರ ಒಳಗಿರಬೇಕು. ಆಗ ಆಕೆಗೆ 39. ಆ ಸುದ್ದಿಯನ್ನು ನಾನು ಪೇಪರ್‌ನಲ್ಲಿ ಓದಿದ್ದೆ. ಓದಿ ಪುಟ ತಿರುಗಿಸಿದ್ದೆ. ಅವಳು ಅಲ್ಲೇ ನೆಲ ಒರೆಸುತ್ತಿದ್ದಳು. ಈಗ ನಲವತ್ತು ದಾಟಿ ವರ್ಷಗಳೇ ಆದವು, ಆ ಬಾಗಿಲು ಅವಳ ಪಾಲಿಗೆ ಮುಚ್ಚಿತು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು.

ನಾವೇನು ಮಾಡಬಹುದು?

ಕಾನೂನು ಬರಲಿ, ಆಮೇಲೆ ನೋಡೋಣ ಅಂತ ಕೂರುವುದು ಬೇಡ. ಇವತ್ತೇ ಮಾಡಬಹುದಾದ್ದು ಇಷ್ಟಿದೆ:

* ಮೊದಲು ಕೇಳಿ: “ನಿಂದು ಇ-ಶ್ರಮ್ ಕಾರ್ಡ್ ಆಗಿದೆಯಾ?” ವಯಸ್ಸು 16ರಿಂದ 59ರ ಒಳಗಿದ್ದು, ಪಿ.ಎಫ್., ಇ.ಎಸ್.ಐ. ಇಲ್ಲದವರು ಮಾಡಿಸಬಹುದು. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋದರಾಯಿತು. ಹೊಸದಾಗಿ ನೋಂದಣಿ ಮಾಡಿಸಲು ದುಡ್ಡಿಲ್ಲ. ಅನುಮಾನ ಇದ್ದರೆ ಸಹಾಯವಾಣಿ 14434.

* ಆಧಾರ್‌ಗೆ ಯಾರ ಮೊಬೈಲ್ ನಂಬರ್ ಜೋಡಿಸಿದೆ ಅಂತ ನೋಡಿ. ಬಹಳ ಕಡೆ ಗಂಡನದ್ದೋ ಮಗನದ್ದೋ ಇರುತ್ತದೆ. ಒಟಿಪಿ ಅವರಿಗೆ ಹೋಗುತ್ತದೆ, ಇವಳು ಸುಮ್ಮನೆ ವಾಪಸ್ ಬರುತ್ತಾಳೆ. ಅವಳದ್ದೇ ನಂಬರ್ ಹಾಕಿಸಲು ಹೇಳಿ.

* ಆಕೆಯ ಬ್ಯಾಂಕ್ ಖಾತೆಯಲ್ಲಿ ಎರಡು ವಿಮೆ ಮಾಡಿಸಬಹುದು. ವರ್ಷಕ್ಕೆ 20 ರೂಪಾಯಿಯ ‘ಸುರಕ್ಷಾ ಬಿಮಾ’ದಲ್ಲಿ ಅಪಘಾತದಿಂದ ಸಾವಾದರೆ 2 ಲಕ್ಷ. ವರ್ಷಕ್ಕೆ 436 ರೂಪಾಯಿಯ ‘ಜೀವನ ಜ್ಯೋತಿ’ಯಲ್ಲಿ ಯಾವ ಕಾರಣದಿಂದ ಸಾವಾದರೂ 2 ಲಕ್ಷ. ಎರಡಕ್ಕೂ ಸೇರಿ 456 ರೂಪಾಯಿ. ಹಬ್ಬದ ಸೀರೆಯ ಜೊತೆ ಇದನ್ನೂ ಕೊಡಬಹುದಲ್ವಾ? ಆದರೆ ಜೀವನ ಜ್ಯೋತಿಗೆ ಸೇರಲು ವಯಸ್ಸು 50 ದಾಟಿರಬಾರದು.

* ಅವಳ ಮನೆಯಲ್ಲಿ 40 ದಾಟದ ಮಗಳೋ ಸೊಸೆಯೋ ಕೆಲಸಕ್ಕೆ ಹೋಗುತ್ತಿದ್ದರೆ ಪಿಂಚಣಿ ಯೋಜನೆಯ ಬಗ್ಗೆ ಅವರಿಗೆ ಈಗಲೇ ತಿಳಿಸಿ.

* ವಾರಕ್ಕೊಂದು ರಜೆ ಕೊಡಿ. ಸಂಬಳ, ರಜೆ, ಮುಂಗಡ ಮೂರನ್ನೂ ಒಂದು ಸಣ್ಣ ಪುಸ್ತಕದಲ್ಲಿ ಬರೆದು ಇಬ್ಬರೂ ನೋಡಿ. ತಿಂಗಳ ಕೊನೆಯ ಜಗಳ ಅರ್ಧ ಕಡಿಮೆಯಾಗುತ್ತದೆ.

* ಬಡಾವಣೆಯಲ್ಲಿ ಶಿಬಿರ ಇಡುವುದಾದರೆ ಮಧ್ಯಾಹ್ನ ಎರಡರ ಮೇಲೆ ಇಡಲು ಸಂಘದವರಿಗೆ ಹೇಳಿ. ಆ ಹೊತ್ತಿಗೆ ಅವರ ಬೆಳಗಿನ ಕೆಲಸ ಮುಗಿದಿರುತ್ತದೆ.

ಕೊನೆಯದಾಗಿ ಇನ್ನೊಂದು ವಿಷಯ ನೆನಪಿರಲಿ. ಕೆಲಸದ ಜಾಗದಲ್ಲಿ ಹೆಂಗಸರ ಮೇಲೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಗೆಲಸದವರಿಗೂ ಅನ್ವಯಿಸುತ್ತದೆ. ಅವರ ಪಾಲಿಗೆ ನಮ್ಮ ಮನೆಯೇ ಕೆಲಸದ ಜಾಗ. ದೂರು ಕೇಳಲು ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರುತ್ತದೆ. ಆಕೆ ಏನಾದರೂ ಹೇಳಿಕೊಂಡರೆ ಬಾಯಿ ಮುಚ್ಚಿಸಬೇಡಿ, ಕೂತು ಕೇಳಿ.

ಶಿಬಿರದ ಮಾತಿಗೆ ಮತ್ತೆ ಬರುತ್ತೇನೆ. ಅವತ್ತು ನಾನು ಪಾತ್ರೆಯನ್ನೆಲ್ಲ ಸಿಂಕಿನಲ್ಲೇ ಬಿಡಿಸಿ ಅವಳನ್ನು ಕರೆದುಕೊಂಡು ಹೋದೆ. ಮೆಷಿನ್ ಮೇಲೆ ಬೆರಳಿಟ್ಟರೆ ಗುರುತೇ ಸಿಗಲಿಲ್ಲ. ಒಂದೊಂದೇ ಬೆರಳು ಒರೆಸಿ ಒರೆಸಿ ಇಟ್ಟರೂ ಇಲ್ಲ. ವರ್ಷಗಟ್ಟಲೆ ಸೋಪು ನೀರಿನಲ್ಲಿ ನಮ್ಮ ಪಾತ್ರೆ ತಿಕ್ಕಿ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಕೊನೆಗೆ ಸಿಬ್ಬಂದಿ ತಾಳ್ಮೆಯಿಂದ ಕಣ್ಣಿನ ಗುರುತು ತೆಗೆದುಕೊಂಡರು. ಹನ್ನೆರಡು ಅಂಕಿಯ ನಂಬರ್ ಇರುವ ಕಾರ್ಡ್ ಕೈಗೆ ಬಂತು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದ್ರಲ್ಲಿ ನಂದು ಉದ್ಯೋಗ ಅಂತ ಬರ್ದವ್ರೇನಕ್ಕಾ?” ಅಂತ ಕೇಳಿದಳು. “ಹೌದು ಕಣೇ, ಮನೆಗೆಲಸ ಅಂತ ಬರೆದಿದ್ದಾರೆ” ಅಂದೆ. ಅವಳ ಮುಖ ನೋಡಬೇಕಿತ್ತು ನೀವು.

ಉದ್ಯೋಗದ ಕಾಲಂನಲ್ಲಿ ‘ಗೃಹಿಣಿ’ ಅಂತ ಬರೆಯುವಾಗಲೆಲ್ಲ ನಮಗೂ ಒಂದು ಕಸಿವಿಸಿ ಆಗುತ್ತಲ್ಲವೇ? ಇಡೀ ದಿನ ದುಡಿದರೂ ಮನೆಗೆಲಸಕ್ಕೆ ಬೆಲೆ ಇಲ್ಲ ಅಂತ ಗೊಣಗುತ್ತೇವಲ್ಲವೇ? ಆ ಬೆಲೆ ಏನು ಅಂತ ನಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಹಾಗಾದರೆ ಅದೇ ಕೆಲಸ ಮಾಡುವ ಇನ್ನೊಬ್ಬಳಿಗೆ ಮೊದಲು ಬೆಲೆ ಕೊಡಬೇಕಾದವರೂ ನಾವೇ. ಈ ತಿಂಗಳು ಸಂಬಳ ಕೊಡುವಾಗ ಅವಳನ್ನು ಎರಡು ನಿಮಿಷ ಕೂರಿಸಿ, ಕಾರ್ಡ್ ಆಗಿದೆಯಾ ಅಂತ ಕೇಳಿ. ಆಗಿಲ್ಲ ಅಂದರೆ ಒಂದು ಗಂಟೆ ಬಿಡುವು ಕೊಟ್ಟು ಕಳಿಸಿ. ಅವತ್ತಿನ ಪಾತ್ರೆ ನಾವೇ ತೊಳೆದರಾಯಿತು.