ಗೋವಾದಲ್ಲಿ ಕೇಳುವುದನ್ನು ಇಲ್ಲೂ ಕೊಡೋಣ

ಬಾದಾಮಿ, ಹುನಗುಂದ ಸೀಮೆಯ ತಾಂಡಾಗಳಿಂದ ಗುಳೆ ಹೋಗುವವರಿಗೆ ಗೋವಾ ಹೊಸದಲ್ಲ. ಅಲ್ಲಿ ಗೌಂಡಿ ಕೆಲಸಕ್ಕೆ ನಿಂತವರ ಮಕ್ಕಳಿಗೆ ಕನ್ನಡ ಶಾಲೆ ಬೇಕೆಂದು ನಾವು ದನಿ ಎತ್ತುತ್ತೇವೆ, ತಾಯ್ನುಡಿಯ ಶಿಕ್ಷಣ ಹೇಳುವ ಸಂವಿಧಾನದ 350-ಎ ವಿಧಿಯನ್ನು ನೆನಪಿಸುತ್ತೇವೆ. ನ್ಯಾಯವಾದ ಬೇಡಿಕೆಯೇ. ಆದರೆ ಇಳಕಲ್ಲಿನ ಗ್ರಾನೈಟ್ ಕೆಲಸಕ್ಕೆ ಬರುವ ಹೊರರಾಜ್ಯದವರ, ಬಾಗಲಕೋಟೆ ಜಿಲ್ಲೆಯ ಕಬ್ಬಿನ ಹೊಲಗಳಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದಿಳಿಯುವ ಗ್ಯಾಂಗುಗಳ ಮಕ್ಕಳ ಮಾತು ಬಂದಾಗ ಆ ದನಿ ಯಾಕೋ ಇಳಿಯುತ್ತದೆ. ಅಲ್ಲಿ ಹಕ್ಕು ಎಂದು ಕೇಳುವುದು ಇಲ್ಲಿ ಉಪಕಾರವಾಗಲು ಹೇಗೆ ಸಾಧ್ಯ?

ಕಾನೂನಿಗೇನೂ ಕೊರತೆಯಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಟಿ.ಸಿ. ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಓದು ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಎಡವುವುದು ಈ ತರಬೇತಿಯಲ್ಲೇ. ಶಾಲೆ ಜೂನ್ ಹೊತ್ತಿಗೆ ಶುರುವಾದರೆ ಕಬ್ಬು ಕಡಿತ ದೀಪಾವಳಿಯ ಆಸುಪಾಸಿಗೆ. ನಡುವರ್ಷ ಬಂದು ಪರೀಕ್ಷೆಗೆ ಮೊದಲೇ ಹೊರಡುವ ಮರಾಠಿ ಮಗುವಿನ ಹೊಣೆಯನ್ನು, ಐದು ತರಗತಿಗಳನ್ನು ಒಬ್ಬರೋ ಇಬ್ಬರೋ ನಡೆಸುವ ಶಾಲೆಯ ಮೇಲೆ ಸುಮ್ಮನೆ ಹೇರುವುದು ಶಿಕ್ಷಕರಿಗೂ ಅನ್ಯಾಯ. ಕಬ್ಬು ನುರಿಸುವ ಹಂಗಾಮು ಯಾವಾಗೆಂಬುದು ಮೊದಲೇ ಗೊತ್ತಿರುತ್ತದೆ. ಯಾವ ಕುಟುಂಬ ಬರುತ್ತದೆಂಬುದು ಗ್ಯಾಂಗನ್ನು ಕರೆತರುವ ಮುಕಾದಮನಿಗೆ ಗೊತ್ತು. ಆ ಪಟ್ಟಿಯನ್ನು ಬಿಇಒ ಕಚೇರಿ ತರಿಸಿಕೊಂಡರೆ, ಮರಾಠಿ ಬಲ್ಲ ಅತಿಥಿ ಶಿಕ್ಷಕರನ್ನು ಹಂಗಾಮಿನ ಮಟ್ಟಿಗೆ ನೇಮಿಸಿಕೊಳ್ಳುವುದು ದೊಡ್ಡ ಮಾತಲ್ಲ.

ಹೀಗೆ ಮಾಡಿದರೆ ಕನ್ನಡಕ್ಕೆ ಪೆಟ್ಟು ಎನ್ನುವವರಿದ್ದಾರೆ. ಮನೆಯಲ್ಲಿ ಲಂಬಾಣಿ ಆಡುತ್ತಲೇ ನಮ್ಮ ತಾಂಡಾದ ಮಕ್ಕಳು ಕನ್ನಡ ಕಲಿತಿಲ್ಲವೇ? 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಕನ್ನಡವನ್ನು ಕಡ್ಡಾಯ ಮಾಡಿದೆ. ಮಗುವಿಗೆ ತಿಳಿಯುವ ಮಾತಿನಿಂದ ಆರಂಭಿಸಿದರೆ ಅದು ಬೇಗ ಕೈಗೂಡುತ್ತದೆ, ಅಷ್ಟೇ. ಬೇರೆ ಧರ್ಮದ ಮಕ್ಕಳು ಬಂದರೆ ಹೇಗೆ ಎಂಬ ಅಳುಕು ಇನ್ನೂ ಹುರುಳಿಲ್ಲದ್ದು. ಮಹಾಂತೇಶ್ವರ ಮಠ, ಮುರ್ತುಜಾ ಕಾದ್ರಿ ದರ್ಗಾ ಎರಡೂ ಇರುವ ಇಳಕಲ್ಲಿಗೆ ಭಿನ್ನ ನಂಬಿಕೆಯವರೊಡನೆ ಬಾಳುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಟ್ಟು ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುವ ರೂಢಿ ನಮ್ಮ ಶಾಲೆಗಳಲ್ಲಿದೆ. ಹಬ್ಬ, ಪ್ರಾರ್ಥನೆಯಲ್ಲೂ ಅಷ್ಟೇ ಔದಾರ್ಯ ಸಾಕು. ನಾಲ್ಕು ತಿಂಗಳಿಗೆ ಹೊರಟುಹೋಗುವ ಮಗುವಿಗೆ ಖರ್ಚೇಕೆ ಎಂಬ ಪ್ರಶ್ನೆಗೆ ಸ್ವಲ್ಪ ತೂಕವಿದೆ. ಕಲಿತದ್ದು ಮುಂದಿನ ಶಾಲೆಗೆ ತಲುಪದಿದ್ದರೆ ಖರ್ಚು ನಿಜಕ್ಕೂ ದಂಡ. ಹಾಗಾಗಿ ಗ್ಯಾಂಗು ಹೊರಡುವಾಗ ಮಗು ಏನೇನು ಕಲಿತಿದೆ ಎಂಬ ಒಂದು ಪುಟದ ವಿವರವನ್ನು ಮರಾಠಿಯಲ್ಲೂ ಬರೆದು ತಾಯಿಯ ಕೈಗೆ ಕೊಡಬೇಕು. ಅತಿಥಿ ಶಿಕ್ಷಕರ ನೇಮಕ ತಡವಾದರೂ, ಇಷ್ಟನ್ನು ಈ ಹಂಗಾಮಿನಿಂದಲೇ ಶುರು ಮಾಡಬಹುದು.