ಅಕ್ಷರವಿಲ್ಲದ ಸ್ಲೈಡು

ನಾಲ್ಕನೇ ತರಗತಿ ಮಗುವಿಗೆ ಪವರ್‌ಪಾಯಿಂಟ್ ಯಾಕೆ ಎನ್ನುವವರೂ, ಈಗಿನಿಂದಲೇ ಕಲಿಯದಿದ್ದರೆ ಹಿಂದೆ ಬೀಳುತ್ತದೆ ಎನ್ನುವವರೂ ಪೋಷಕರ ಸಭೆಯಲ್ಲಿ ಅಕ್ಕಪಕ್ಕವೇ ಕೂತಿರುತ್ತಾರೆ. ಇಬ್ಬರ ವಾದವೂ ಯಂತ್ರದ ಸುತ್ತಲೇ. ಮಗು ಎದ್ದು ನಿಂತು ಏನು ಹೇಳಿತು, ಅದನ್ನು ಯಾರಾದರೂ ಕೇಳಿಸಿಕೊಂಡರೇ ಎಂಬ ಪ್ರಶ್ನೆ ಮೇಲೇಳುವುದೇ ಇಲ್ಲ. ಸ್ಲೈಡ್ ಇರಲಿ ಎಂಬ ಪಕ್ಷ ನನ್ನದು. ಆದರೆ ಐದನೇ ತರಗತಿ ಮುಗಿಯುವವರೆಗೆ ಮಕ್ಕಳ ಸ್ಲೈಡಿನಲ್ಲಿ ಅಕ್ಷರ ಬೇಡ, ಬರೀ ಚಿತ್ರ ಸಾಕು. ಮಾತೆಲ್ಲ ಮಗುವಿನ ಬಾಯಿಂದಲೇ ಬರಲಿ.

ಈಗ ನಡೆಯುತ್ತಿರುವುದು ಇದರ ತಿರುಗುಮುರುಗು. ವಿಷಯ ಸೌರವ್ಯೂಹ ಎಂದುಕೊಳ್ಳಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಸೂಚನೆ ಬಂದ ರಾತ್ರಿ ಅಮ್ಮ ಲ್ಯಾಪ್‌ಟಾಪ್ ಮುಂದೆ ಕೂತು, ಕ್ಯಾನ್ವಾದಲ್ಲಿ ನಕ್ಷತ್ರ ಮಿನುಗುವ ಟೆಂಪ್ಲೇಟ್ ಹುಡುಕಿ, ವಿಕಿಪೀಡಿಯದಿಂದ ಸಾಲು ತೆಗೆದು ಅಂಟಿಸುತ್ತಾರೆ. ಮರುದಿನ ಮಗು ತರಗತಿಗೆ ಬೆನ್ನು ಹಾಕಿ, ತೆರೆಯ ಕಡೆ ಮುಖ ಮಾಡಿ, 'ಗುರು ಗ್ರಹವು ಸೌರವ್ಯೂಹದ ಅತಿ ದೊಡ್ಡ ಗ್ರಹವಾಗಿದೆ' ಎಂದು ಓದುತ್ತದೆ. ಕೂತವರೂ ಅದನ್ನೇ ಓದುತ್ತಿರುತ್ತಾರೆ, ಅದೂ ಹೇಳುವವನಿಗಿಂತ ಬೇಗ. ಕೊನೆಗೆ 'ಥ್ಯಾಂಕ್ಯೂ' ಎಂಬ ಹೂಗುಚ್ಛದ ಸ್ಲೈಡು, ಚಪ್ಪಾಳೆ. ಇಲ್ಲಿ ಪರೀಕ್ಷೆಯಾದದ್ದು ಓದು, ಮಾತಲ್ಲ. ಓದಿನಲ್ಲಿ ತಡವರಿಸುವ, ಆದರೆ ಆಟದ ಬಯಲಿನಲ್ಲಿ ಹತ್ತು ಜನರನ್ನು ಬಾಯಲ್ಲೇ ಗೆಲ್ಲುವ ಹುಡುಗನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಅವನಿಗಿದ್ದ ಒಂದೇ ಬಲವನ್ನೂ ಕಸಿದುಕೊಂಡು ಅವನ ದೌರ್ಬಲ್ಯವನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿದಂತಾಯಿತು.

ಹಿಂದೆ ಎಲ್ಲ ಚೆನ್ನಾಗಿತ್ತು ಎಂದೇನೂ ನಾನು ಹೇಳಲಾರೆ. 'ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ' ಎಂದು ಶುರುವಾಗುವ ಆಗಸ್ಟ್ ಹದಿನೈದರ ಭಾಷಣವನ್ನು ಮೇಷ್ಟ್ರೇ ಬರೆದುಕೊಡುತ್ತಿದ್ದರು, ನಾವು ಉರು ಹೊಡೆಯುತ್ತಿದ್ದೆವು. ನಡುವೆ ಒಂದು ಪದ ತಪ್ಪಿದರೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಅಲ್ಲಿ ಬಾಯಿಪಾಠ, ಇಲ್ಲಿ ಸ್ಲೈಡ್‌ಪಾಠ. ಎರಡರಲ್ಲೂ ಮಗುವಿನ ಸ್ವಂತ ವಾಕ್ಯ ಒಂದೂ ಇಲ್ಲ.

ಪವರ್‌ಪಾಯಿಂಟ್ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಅದನ್ನು ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರೂಪಿಸಿ 1987ರಲ್ಲಿ ಮೆಕಿಂಟಾಷ್ ಕಂಪ್ಯೂಟರಿಗೆ ಹೊರತಂದರು. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನು ಕೊಂಡುಕೊಂಡಿತು. ಕಚೇರಿಯ ಮೀಟಿಂಗುಗಳಲ್ಲಿ ಪಾರದರ್ಶಕ ಹಾಳೆ ಹಾಕಿ ಮಾತಾಡುವವರ ಕಷ್ಟ ತಪ್ಪಿಸುವುದು ಅದರ ಉದ್ದೇಶವಾಗಿತ್ತು. 2003ರಲ್ಲಿ ಅಮೆರಿಕದ ಮಾಹಿತಿ ವಿನ್ಯಾಸ ತಜ್ಞ ಎಡ್ವರ್ಡ್ ಟಫ್ಟಿ 'ವೈರ್ಡ್' ಪತ್ರಿಕೆಯಲ್ಲಿ ಇದರ ಮೇಲೆ ಕೆಂಡ ಕಾರಿದರು. ಪ್ರಾಥಮಿಕ ಶಾಲೆಗಳನ್ನೂ ಅವರು ಬಿಡಲಿಲ್ಲ. ಮೂರರಿಂದ ಆರು ಸ್ಲೈಡು, ಒಂದೊಂದರಲ್ಲಿ ಹತ್ತಿಪ್ಪತ್ತು ಪದ, ಜೊತೆಗೊಂದು ಸಿದ್ಧಚಿತ್ರ. ವಾರದ ದುಡಿಮೆಗೆ ಸಿಕ್ಕಿದ್ದು ಎಂಬತ್ತು ಪದವೂ ದಾಟದ ಸರಕು ಎಂದು ಲೆಕ್ಕ ಹಾಕಿ, ಅದಕ್ಕಿಂತ ಆ ದಿನ ಶಾಲೆಗೆ ರಜೆ ಕೊಡುವುದೇ ಮೇಲು ಎಂಬರ್ಥದಲ್ಲಿ ಬರೆದರು. ಬರವಣಿಗೆಗೆ ಬದಲಾಗಿ ಸ್ಲೈಡ್ ಮಾಡಿಸುತ್ತಿದ್ದ ಶಾಲೆಗಳಿಗೆ ಆ ಪೆಟ್ಟು ಬೀಳಬೇಕಾದದ್ದೇ. ಆದರೆ ಟಫ್ಟಿ ಎಣಿಸಿದ್ದು ತೆರೆಯ ಮೇಲಿನ ಪದಗಳನ್ನು. ಎಂಬತ್ತಲ್ಲ, ಸೊನ್ನೆ ಪದವೇ ಇರಲಿ. ಮೂರೇ ಚಿತ್ರಗಳನ್ನು ಇಟ್ಟುಕೊಂಡು ಮಗು ಮೂರು ನಿಮಿಷ ಮಾತಾಡಿದರೆ ಅದೇನು ಸಣ್ಣ ಕೆಲಸವೇ? ಸ್ಲೈಡು ಬಡವಾದಷ್ಟೂ ಮಾತು ಬೆಳೆಯಲೇಬೇಕಾಗುತ್ತದೆ.

ಇದಕ್ಕೆ ಮನಶ್ಶಾಸ್ತ್ರದ ಒತ್ತಾಸೆಯೂ ಇದೆ. ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಮೇಯರ್ ಅವರ ಪ್ರಯೋಗಗಳಲ್ಲಿ ಕಂಡದ್ದು ಇಷ್ಟು: ಚಿತ್ರದ ಜೊತೆ ಮಾತು ಕೇಳಿದಾಗ ಜನ ಚೆನ್ನಾಗಿ ಕಲಿಯುತ್ತಾರೆ, ಅದೇ ಮಾತನ್ನು ತೆರೆಯ ಮೇಲೂ ಬರೆದರೆ ಕಲಿಕೆ ಕುಗ್ಗುತ್ತದೆ. ಕಣ್ಣು ಚಿತ್ರ ನೋಡಲೋ ಅಕ್ಷರ ಓದಲೋ ಎಂದು ಎರಡು ಕಡೆ ಹಂಚಿಹೋಗುತ್ತದೆ. ಆ ಪ್ರಯೋಗಗಳಲ್ಲಿ ಹೆಚ್ಚಾಗಿ ಕೂತಿದ್ದವರು ಕಾಲೇಜು ವಿದ್ಯಾರ್ಥಿಗಳು. ಅವರಿಗೇ ತೊಡಕಾಗುವುದು ಎಂಟು ವರ್ಷದವರಿಗೆ ಸಲೀಸಾದೀತೆಂದು ನಂಬಲು ನನಗೆ ಕಾರಣ ಕಾಣದು.

ಜಪಾನಿನವರು ಈ ತೊಡಕನ್ನು ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ಬಗೆಹರಿಸಿಕೊಂಡಿದ್ದರು. 1930ರ ದಶಕದಲ್ಲಿ ಅಲ್ಲಿನ ಬೀದಿಗಳಲ್ಲಿ ಕಾಮಿಶಿಬಾಯಿ ಎಂಬ ಕಾಗದದ ನಾಟಕ ಜನಪ್ರಿಯವಾಗಿತ್ತು. ಕಥೆಗಾರ ಸೈಕಲ್ ಹಿಂದೆ ಮರದ ಪುಟ್ಟ ಚೌಕಟ್ಟು ಹೊತ್ತು ಬಂದು, ಮಿಠಾಯಿ ಮಾರಿ, ಮಕ್ಕಳು ಸೇರಿದ ಮೇಲೆ ಚಿತ್ರದ ಹಲಗೆಗಳನ್ನು ಒಂದೊಂದಾಗಿ ಎಳೆದು ತೋರಿಸುತ್ತಾ ಕಥೆ ಹೇಳುತ್ತಿದ್ದ. ಆಮೇಲೆ ಟೆಲಿವಿಷನ್ ಬಂದು ಅವನ ವ್ಯಾಪಾರ ಕೆಡಿಸಿತು. ಶಾಲೆ, ಗ್ರಂಥಾಲಯಗಳಲ್ಲಿ ಆ ಕಲೆ ಇನ್ನೂ ಉಳಿದಿದೆ. ಅಚ್ಚಾದ ಕಾಮಿಶಿಬಾಯಿಯ ಏರ್ಪಾಡು ನೋಡುವಂಥದ್ದು. ಚಿತ್ರ ಮಕ್ಕಳ ಕಡೆಗೆ, ಬರಹ ಬೆನ್ನಿಗೆ, ಹೇಳುವವನ ಕಣ್ಣಿಗೆ ಮಾತ್ರ. ತೋರಿಸಿದ ಹಲಗೆಯನ್ನು ಎಳೆದು ಹಿಂದಕ್ಕೆ ಸೇರಿಸುವುದರಿಂದ, ಮೊದಲ ಚಿತ್ರದ ಮಾತು ಕೊನೆಯ ಹಲಗೆಯ ಬೆನ್ನ ಮೇಲಿರುತ್ತದೆ! ಕೇಳುವವರಿಗೆ ಚಿತ್ರ, ಹೇಳುವವನಿಗೆ ಬರಹ ಎಂಬ ಈ ಹಂಚಿಕೆ ಪವರ್‌ಪಾಯಿಂಟಿನಲ್ಲೂ ಇದೆ. ಮಾತಾಡುವವರ ಟಿಪ್ಪಣಿಗೆ ಬೇರೆ ಜಾಗವೇ ಇಟ್ಟಿದ್ದಾರೆ. ಶಾಲೆಗಳಲ್ಲಿ ಅದನ್ನು ಮುಟ್ಟುವವರು ಕಡಿಮೆ.

ಬೆಂಗಳೂರಿನ ಹೊರವಲಯದ ಒಂದು ಶಾಲೆಯಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ಮಾತಾಡಿದ್ದನ್ನು ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದೇನೆ. ಅಜ್ಜಿಯ ಊರು ಶಿಡ್ಲಘಟ್ಟದ ಹತ್ತಿರ, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಮಾವನ ಮೊಬೈಲಿನಲ್ಲಿ ತೆಗೆದ ಫೋಟೊಗಳಷ್ಟೇ ಅವಳ ಸ್ಲೈಡು. ಮೊದಲನೆಯದು ಸೊಪ್ಪಿನ ಮೇಲೆ ಹರಿದಾಡುವ ಸಣ್ಣ ಹುಳು. ಎರಡನೆಯದರಲ್ಲಿ ಹುಳುಗಳೆಲ್ಲ ತಲೆ ಮೇಲೆತ್ತಿ ಅಲುಗದೆ ಕೂತಿದ್ದವು. "ಇವು ಜ್ವರಕ್ಕೆ ಕೂತವೆ. ಆವಾಗ ಸೊಪ್ಪು ಹಾಕಬಾರದು, ತಿನ್ನಲ್ಲ" ಎಂದಳು. "ಮಾತ್ರೆ ಹಾಕ್ತೀರಾ?" ಎಂದು ಒಬ್ಬ ಹುಡುಗ ಕೇಳಿದ. ತರಗತಿಯೆಲ್ಲ ನಕ್ಕಿತು, ಅವಳೂ ನಕ್ಕಳು. "ನಮಗೆ ಬರೋ ಥರ ಜ್ವರ ಅಲ್ಲ ಕಣೋ. ಹಳೇ ಚರ್ಮ ಬಿಗಿ ಆಗುತ್ತೆ, ಅದನ್ನ ಕಳಚಿ ದೊಡ್ಡವಾಗ್ತವೆ. ನಾಲ್ಕು ಸಲ." ಮೂರನೆಯ ಚಿತ್ರ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ. ಹಣ್ಣಾದ ಹುಳು ಹೇಗೆ ಗೊತ್ತಾಗುತ್ತದೆ ಎಂದು ಟೀಚರೇ ಕೇಳಿದರು. ಬೆಳಕಿಗೆ ಹಿಡಿದರೆ ಮೈ ಕನ್ನಡಿ ಹಾಗೆ ಕಾಣುತ್ತೆ ಮಿಸ್ ಎಂದು ಬೆರಳಲ್ಲೇ ಹಿಡಿದು ತೋರಿಸಿದಳು. ಅಷ್ಟು ಹೊತ್ತಿಗೆ ತೆರೆಯ ಕಡೆ ಯಾರೂ ನೋಡುತ್ತಿರಲಿಲ್ಲ.

ಇಲ್ಲಿ ಕೆಲಸ ಮಾಡಿದ್ದು ಏನು? ಅವಳಿಗೆ ಗೊತ್ತಿದ್ದದ್ದು ಕೂತವರಿಗೆ ಗೊತ್ತಿರಲಿಲ್ಲ, ಟೀಚರಿಗೂ ಗೊತ್ತಿರಲಿಲ್ಲ. ಸಾರ್ವಜನಿಕ ಭಾಷಣಕ್ಕೆ ಧ್ವನಿ, ನಿಲುವು, ಕಣ್ಣೋಟ ಎಂದು ಪಟ್ಟಿ ಮಾಡಿ ತರಬೇತಿ ಕೊಡುವವರು ಈ ಒಂದನ್ನು ಮರೆಯುತ್ತಾರೆ. ಸೌರವ್ಯೂಹದ ಬಗ್ಗೆ ಎಲ್ಲರ ಪುಸ್ತಕದಲ್ಲೂ ಅದೇ ಪಾಠ ಇರುವಾಗ ಹೇಳುವವನಿಗೆ ಹುಮ್ಮಸ್ಸು ಎಲ್ಲಿಂದ ಬರಬೇಕು, ಕೇಳುವವನಿಗೆ ಕುತೂಹಲ ಎಲ್ಲಿಂದ?

ಪ್ರಶ್ನೆಯ ಹೊತ್ತೇ ಇಡೀ ಕಸರತ್ತಿನ ಜೀವ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಾತ್ರದ ಮಾತಾಡುವ ಅರ್ಥಧಾರಿಯ ತೂಕ ತಿಳಿಯುವುದು ಎದುರಾಳಿ ಎಸೆದ ಮಾತಿಗೆ ಅವನು ಆ ಕ್ಷಣದಲ್ಲಿ ಕೊಡುವ ಉತ್ತರದಲ್ಲಿ. ಅಷ್ಟು ದೂರ ಬೇಡ, ಪ್ರತಿ ಮಗುವಿಗೆ ಎರಡು ಪ್ರಶ್ನೆ ಬರಲಿ, ಅದೂ ಮಕ್ಕಳಿಂದಲೇ ಬರಲಿ. ಸ್ಲೈಡ್ ಶೋ ನಡೆಯುವಾಗ ಕೀಲಿಮಣೆಯ 'ಬಿ' ಒತ್ತಿದರೆ ತೆರೆ ಪೂರ್ತಿ ಕಪ್ಪಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಚಿತ್ರ ಮರಳುತ್ತದೆ. ಅನಿಮೇಷನ್ ಕಲಿಸುವ ಮೊದಲು ಮಗುವಿಗೆ ಈ ಒಂದು ಗುಂಡಿ ತೋರಿಸಿಕೊಡಿ. ಎಲ್ಲರೂ ನನ್ನನ್ನೇ ನೋಡಲಿ ಎಂದು ಮಗು ತಾನೇ ತೆರೆ ಆರಿಸಿತೆಂದರೆ ಆ ವರ್ಷದ ಪಾಠ ಆಯಿತು.

ಮಾತಾಡಲು ಹೆದರುವ ಮಗುವಿಗೆ ಅಕ್ಷರವೇ ಆಸರೆ, ಅದನ್ನೂ ಕಿತ್ತುಕೊಂಡರೆ ಹೇಗೆ ಎಂಬ ಆಕ್ಷೇಪವಿದೆ. ನ್ಯಾಯವಾದ ಆಕ್ಷೇಪವೇ. ಆದರೆ ಆಸರೆಯಾಗುವುದು ಚಿತ್ರ. ನಲವತ್ತು ಜೋಡಿ ಕಣ್ಣು ತನ್ನ ಮುಖ ಬಿಟ್ಟು ಚಿತ್ರದ ಕಡೆ ತಿರುಗಿದಾಗ ಹೆದರುವ ಮಗು ಉಸಿರು ಬಿಡುತ್ತದೆ, ಕೈಗೂ ಒಂದು ಕೆಲಸ ಸಿಗುತ್ತದೆ. ಮನೆಯಲ್ಲಿ ಲಂಬಾಣಿಯೋ ಉರ್ದುವೋ ತುಳುವೋ ಆಡುವ ಮಗು ಕನ್ನಡದ ಪದ ಸಿಗದೆ ನಿಂತರೆ ಬೆರಳು ತೋರಿಸಿ ಮುಂದೆ ಹೋಗಬಹುದು. ಪದವನ್ನು ಪಕ್ಕದವರು ಕೊಡುತ್ತಾರೆ. ಬರೆದಿಟ್ಟ ವಾಕ್ಯದಲ್ಲಿ ಈ ಸಲೀಸು ಇಲ್ಲ. ಒಮ್ಮೆ ಎಡವಿದರೆ ಎಡವಿದ್ದು ಎಲ್ಲರಿಗೂ ಕಾಣುತ್ತದೆ.

ಇಷ್ಟಕ್ಕೂ ಪ್ರೊಜೆಕ್ಟರ್ ಇಲ್ಲದೆ ಇದಾಗುತ್ತದೆ. ಸ್ಮಾರ್ಟ್ ಕ್ಲಾಸಿನ ಬೀಗದ ಕೈ ಹೆಡ್‌ಮಾಸ್ಟರ ಕಪಾಟಿನಲ್ಲಿರುವ ಶಾಲೆಯಲ್ಲೂ ಡ್ರಾಯಿಂಗ್ ಹಾಳೆಯ ಮೇಲೆ ಬಿಡಿಸಿದ ಮೂರು ಚಿತ್ರ ಸಾಕು, ಬೆನ್ನ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಗುರುತು. ಕಷ್ಟ ಬರುವುದು ಸಮಯದ್ದು: ನಲವತ್ತು ಮಕ್ಕಳಿಗೆ ತಲಾ ಮೂರು ನಿಮಿಷವೆಂದರೆ ಎರಡು ಗಂಟೆ, ಮೂರು ಪೀರಿಯಡ್ಡು. ಒಂದೇ ದಿನ ಎಲ್ಲರನ್ನೂ ನಿಲ್ಲಿಸಬೇಕೆಂದು ಯಾರು ಹೇಳಿದರು? ದಿನಕ್ಕಿಬ್ಬರಂತೆ, ಮಧ್ಯಾಹ್ನದ ಊಟ ಮುಗಿದ ಮೇಲಿನ ತೂಕಡಿಕೆಯ ಹೊತ್ತಿನಲ್ಲಿ ಮಾತಾಡಲಿ. ಅಂಕ ಕೊಡಲೇಬೇಕಾದರೆ ಸ್ಲೈಡಿನ ಅಂದಕ್ಕೆ ಬೇಡ. ಅದು ಬಹುಪಾಲು ಅಮ್ಮನ ಅಂಕ. ಒಳ್ಳೆಯ ಪ್ರಶ್ನೆ ಕೇಳಿದ ಮಗುವಿಗೂ ಒಂದಂಕ ಸಿಗಲಿ.

ಕೊನೆಗೆ ಈ ಮಾತು ಶಾಲೆಯ ಆಚೆ ಎಲ್ಲಿಗೆ ಹೋಗಬೇಕು ಎಂಬುದೂ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿಯಿದೆ. ಮಕ್ಕಳು ಎದ್ದು ತಮ್ಮ ಅಹವಾಲು ಹೇಳುತ್ತಾರೆ, ಅಧಿಕಾರಿಗಳು ಉತ್ತರಿಸಬೇಕು. ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ ಎಂದು ಹುಡುಗಿಯೊಬ್ಬಳು ಫೋಟೊ ಹಿಡಿದು ಹೇಳಿದರೆ ಅದರ ಕೆಳಗೆ ಅಕ್ಷರ ಬೇಕಿಲ್ಲ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಅರ್ಥವಾಗುತ್ತದೆ. ಅರ್ಥವಾಗುತ್ತದೆಂಬ ಅಳುಕಿಗೇ ಇರಬೇಕು, ಅಲ್ಲೂ ಮಕ್ಕಳ ಕೈಗೆ ಏನು ಮಾತಾಡಬೇಕೆಂಬ ಚೀಟಿ ಬರೆದುಕೊಡುವ ದೊಡ್ಡವರಿದ್ದಾರೆ.